ಅಳಿಸಿಹಾಕಿದ ತಾಳ

ಕಲಬುರಗಿಯ ಐವಾನ್-ಎ-ಶಾಹಿಯನ್ನು ದುರಸ್ತಿ ಮಾಡಿಸಿದರೆ ಯಾರೂ ತಕರಾರು ಎತ್ತಲಾರರು. ನಿಜಾಮರು ಬಂದಾಗ ಇಳಿದುಕೊಳ್ಳುತ್ತಿದ್ದ ಆ ಕಟ್ಟಡ ಈಗ ಸರ್ಕಾರಿ ಅತಿಥಿಗೃಹ. ಬಿರುಕಿಗೆ ಗಾರೆ ತುಂಬಬೇಕು, ಸೋರಿದರೆ ಮಾಳಿಗೆ ಸರಿಮಾಡಬೇಕು. ಆದರೆ ಎರಡು ಗೋಡೆ ಕೆಡವಿ ಹೊಸದಾಗಿ ಕಟ್ಟಿಸಿ, ಇದು ಅದೇ ಹಳೆಯ ಐವಾನ್-ಎ-ಶಾಹಿ ಎಂದು ಫಲಕ ಹಾಕಿದರೆ? 2002ರಲ್ಲಿ ಓಜಿ ಆಸ್ಬರ್ನ್ ಅವರ ಎರಡು ಹೆವಿ ಮೆಟಲ್ ಆಲ್ಬಮ್‌ಗಳಿಗೆ ಆದದ್ದು ಹೆಚ್ಚುಕಡಿಮೆ ಇದೇ. 'ಬ್ಲಿಜರ್ಡ್ ಆಫ್ ಓಜ್' (1980) ಮತ್ತು 'ಡೈರಿ ಆಫ್ ಎ ಮ್ಯಾಡ್‌ಮ್ಯಾನ್' (1981) ಮರುಬಿಡುಗಡೆಯಾದಾಗ ಬಾಬ್ ಡೈಸ್ಲಿ ನುಡಿಸಿದ್ದ ಬೇಸ್ ಗಿಟಾರೂ ಲೀ ಕೆರ್ಸ್ಲೇಕ್ ಬಾರಿಸಿದ್ದ ಡ್ರಮ್ಸೂ ಅವುಗಳಲ್ಲಿರಲಿಲ್ಲ. ರಾಬರ್ಟ್ ಟ್ರುಹಿಯೊ ಮತ್ತು ಮೈಕ್ ಬೋರ್ಡಿನ್ ಹೊಸದಾಗಿ ನುಡಿಸಿದ್ದನ್ನು ಆ ಜಾಗಕ್ಕೆ ಕೂಡಿಸಲಾಗಿತ್ತು. ಹಳೆಯ ವಾದಕರು ರಾಯಧನಕ್ಕಾಗಿ ಆಸ್ಬರ್ನ್ ದಂಪತಿಯ ಮೇಲೆ ಮೊಕದ್ದಮೆ ಹೂಡಿದ್ದರು. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ.

ಹೊಸಬರೇನೂ ಕಳಪೆ ವಾದಕರಲ್ಲ. ಡ್ರಮ್ಸ್ ಸದ್ದು ಇನ್ನಷ್ಟು ದಪ್ಪಗಾಯಿತು, ಕೇಳುಗನಿಗೇನು ನಷ್ಟ ಎಂದು ಕೇಳಬಹುದು. ನಷ್ಟವಿರುವುದು ಗಿಟಾರಿನಲ್ಲಿ. ಎರಡೂ ಆಲ್ಬಮ್‌ಗಳ ಜೀವವೆಂದರೆ ಗಿಟಾರ್ ವಾದಕ ರ‍್ಯಾಂಡಿ ರೋಡ್ಸ್. 1982ರ ಮಾರ್ಚ್ 19ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇಪ್ಪತ್ತೈದು ವರ್ಷ. ಅವರ ಬೆರಳು ಓಡಿದ್ದು ಕೆರ್ಸ್ಲೇಕ್ ತಾಳದ ಜೊತೆಗೆ, ಅದು ಎಳೆದಲ್ಲಿ ಎಳೆದು, ತಡೆದಲ್ಲಿ ತಡೆದು. ತಬಲಾದವರನ್ನು ಇಪ್ಪತ್ತು ವರ್ಷದ ಮೇಲೆ ಬದಲಿಸಿ, ಗತಿಸಿದ ಗಾಯಕರ ತಾನಗಳನ್ನು ಹಾಗೇ ಉಳಿಸಿಕೊಂಡರೆ ಜುಗಲಬಂದಿ ಅಂತ ಕರೆಯಲಾದೀತೇ? ಬೋರ್ಡಿನ್ ರೋಡ್ಸ್‌ಗೆ ಉತ್ತರ ಕೊಡಬಲ್ಲರು. ರೋಡ್ಸ್ ಬೋರ್ಡಿನ್‌ಗೆ ಕೊಡಲಾರರು.

ಗ್ರಂಥಸಂಪಾದನೆ ಬಲ್ಲ ಕನ್ನಡಿಗರಿಗೆ ಈ ಸಮಸ್ಯೆ ಹೊಸದಲ್ಲ. ನಮ್ಮ ಮಳಖೇಡದಲ್ಲಿ ಆಳಿದ ರಾಷ್ಟ್ರಕೂಟರ ಕಾಲದ 'ಕವಿರಾಜಮಾರ್ಗ'ವನ್ನು ಕೆ.ಬಿ. ಪಾಠಕ್ 1898ರಲ್ಲಿ ಅಚ್ಚಿಗೆ ತಂದರು. ಆ ಪೀಳಿಗೆಯಿಂದೀಚೆಗೆ ಬೆಳೆದ ಶಿಸ್ತು ಸರಳವಾದದ್ದು. ಸಂಪಾದಕ ಪಾಠ ತಿದ್ದಬಹುದು, ಆದರೆ ತಿದ್ದಿದ್ದೇನೆಂದು ಹೇಳಬೇಕು, ಬಿಟ್ಟ ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಕು. ಹಾಗೆಂದು ಮೊದಲ ಮುದ್ರಣ ಸದಾ ಪ್ರಾಮಾಣಿಕವಾಗಿರುತ್ತದೆ ಎಂದೇನೂ ಅಲ್ಲ. 'ಡೈರಿ' 1981ರಲ್ಲಿ ಹೊರಬಂದಾಗಲೇ ಅದರ ಹೊದಿಕೆಯ ಮೇಲೆ ಡೈಸ್ಲಿ, ಕೆರ್ಸ್ಲೇಕ್ ಬದಲು ರೂಡಿ ಸಾರ್ಜೊ, ಟಾಮಿ ಆಲ್ಡ್ರಿಜ್ ಹೆಸರುಗಳಿದ್ದವು. ಅವರಿಬ್ಬರೂ ಅದರಲ್ಲಿ ಒಂದು ಸ್ವರವನ್ನೂ ನುಡಿಸಿರಲಿಲ್ಲ! ಮರುಬಿಡುಗಡೆ ತಿದ್ದಬೇಕಾಗಿದ್ದುದು ಆ ಹೆಸರುಗಳನ್ನು. ತಿದ್ದಿದ್ದು ಸದ್ದನ್ನು.

ಆಲ್ಬಮ್ ಆಸ್ಬರ್ನ್ ಅವರದ್ದು, ಏನು ಬೇಕಾದರೂ ಮಾಡಿಕೊಳ್ಳಲಿ ಎಂಬ ಮಾತಿಗೂ ತೂಕವಿದೆ. ಮೆಗಾಡೆತ್‌ನ ಡೇವ್ ಮಸ್ಟೇನ್ 2004ರಲ್ಲಿ 'ರಸ್ಟ್ ಇನ್ ಪೀಸ್' ಅನ್ನು ಹೊಸದಾಗಿ ಮಿಶ್ರಣ ಮಾಡಿ, ಕೆಲವು ಕಡೆ ಮತ್ತೆ ಹಾಡಿದರು. ಅದು ತನ್ನದೇ ದನಿಯನ್ನು ತಾನೇ ತಿದ್ದಿಕೊಂಡದ್ದು, ಇಷ್ಟವಾಗದಿದ್ದರೂ ಒಪ್ಪಬಹುದು. ಇನ್ನೊಬ್ಬರ ದುಡಿಮೆಯನ್ನು ಒರೆಸಿ ಹಾಕಲು ಹಕ್ಕುಪತ್ರವಷ್ಟೇ ಸಾಲದು. ಮೆಟಾಲಿಕಾದ '...ಆ್ಯಂಡ್ ಜಸ್ಟಿಸ್ ಫಾರ್ ಆಲ್' (1988) ಇನ್ನೂ ವಿಚಿತ್ರ: ಜೇಸನ್ ನ್ಯೂಸ್ಟೆಡ್ ಅವರ ಬೇಸ್ ಕಿವಿಗೆ ಬೀಳುವುದೇ ಕಷ್ಟ, ಮೂವತ್ತು ವರ್ಷ ಅಭಿಮಾನಿಗಳು ಗೊಣಗಿದ್ದಾರೆ. 2018ರ ಮರುಬಿಡುಗಡೆಯಲ್ಲೂ ತಂಡ ಆ ಬೇಸನ್ನು ಮೇಲೆತ್ತಲಿಲ್ಲ. ನ್ಯೂಸ್ಟೆಡ್‌ಗೆ ಅನ್ಯಾಯವಾದದ್ದು ನಿಜ. ಆದರೆ ಆ ಅನ್ಯಾಯಕ್ಕೂ ಅದೇ ಆಲ್ಬಮ್ ಸಾಕ್ಷಿ. ಹೊಸ ಮಿಶ್ರಣ ಬೇಕೆಂದರೆ ಹಳೆಯದರ ಪಕ್ಕದಲ್ಲಿ ಇಡಲಿ, ಅದರ ಜಾಗದಲ್ಲಿ ಬೇಡ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಬೇಸ್ ಹಿಡಿದು ನಿಂತಿದ್ದವರು ಇದೇ ಟ್ರುಹಿಯೊ. ಅದಕ್ಕೆ ಐದು ತಿಂಗಳ ಮೊದಲು ಆಸ್ಬರ್ನ್ ಅವರ ಎರಡೂ ಆಲ್ಬಮ್‌ಗಳು ಮತ್ತೆ ಹೊರಬಂದಿದ್ದವು, ಈ ಸಲ ಡೈಸ್ಲಿ ಮತ್ತು ಕೆರ್ಸ್ಲೇಕ್ ನುಡಿಸಿದ್ದರ ಸಮೇತ. ಕೆರ್ಸ್ಲೇಕ್ 2020ರಲ್ಲಿ ತೀರಿಕೊಂಡರು. ಆ ಎರಡು ಆಲ್ಬಮ್‌ಗಳಿಗಾಗಿ ಅವರು ಆಸ್ಬರ್ನ್ ಅವರನ್ನು ಕೇಳಿಕೊಂಡಿದ್ದ ಪ್ಲಾಟಿನಂ ಡಿಸ್ಕುಗಳು ಅಷ್ಟರೊಳಗೆ ಅವರ ಕೈ ಸೇರಿದ್ದವು.