ತುಟಿಗಿಂತ ಮೊದಲೇ ಬಂದ ಮಾತು

ಆರ್.ಟಿ. ನಗರದ ನಮ್ಮ ಮನೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ ಒಂದು ಡಿವಿಡಿ ಇಪ್ಪತ್ತು ವರ್ಷ ಮಲಗಿತ್ತು. 2004ರಲ್ಲಿ ಯಲಹಂಕದ ಛತ್ರವೊಂದರಲ್ಲಿ ನಡೆದ ಅಕ್ಕನ ಮದುವೆಯದು. ಆ ಕಾಲದ ಮದುವೆ ವಿಡಿಯೊ ನೋಡಿದವರಿಗೆ ಗೊತ್ತು, ಮಿಕ್ಸಿಂಗ್ ಮಾಡುವಾಗ ಸ್ಟುಡಿಯೊದವರು ಬಹುಪಾಲು ಮೂಲ ಸದ್ದನ್ನು ತೆಗೆದು ಸಿನಿಮಾ ಹಾಡು ತುಂಬುತ್ತಿದ್ದರು. ನಿಜವಾದ ಸದ್ದು ಉಳಿಯುತ್ತಿದ್ದದ್ದು ಮುಹೂರ್ತದ ಹೊತ್ತಿನಲ್ಲಿ. ನಮ್ಮ ಡಿಸ್ಕಿನಲ್ಲಿ ಆ ಹೊತ್ತಿಗೆ ಅಜ್ಜಿ ಸೋಬಾನೆ ಹಾಡುತ್ತಾಳೆ. ಹಾಡು ಮುಗಿಸಿ, ಕ್ಯಾಮೆರಾ ಹಿಡಿದ ಹುಡುಗನ ಕಡೆ ತಿರುಗಿ "ಊಟ ಆಯ್ತೇನಪ್ಪಾ?" ಅನ್ನುತ್ತಾಳೆ. ಅಜ್ಜಿಯ ದನಿ ಅಂತ ನಮ್ಮಲ್ಲಿ ಉಳಿದಿರುವುದು ಅಷ್ಟೇ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕಲು ಜಾಗವೇ ಇಲ್ಲ. ಎಸ್.ಪಿ. ರೋಡಿಗೆ ಹೋಗಿ ಯುಎಸ್‌ಬಿ ಡಿವಿಡಿ ಡ್ರೈವ್ ತಂದೆ. ಡಿಸ್ಕನ್ನು ಎಂಪಿ4 ಫೈಲಾಗಿ ಬದಲಿಸಿದೆ. ಚಿತ್ರ ಚೆನ್ನಾಗಿ ಬಂತು, ಸದ್ದೂ ಬಂತು. ಆದರೆ ಅಜ್ಜಿ ಬಾಯಿ ತೆರೆಯುವ ಮುಂಚೆಯೇ "ಊಟ ಆಯ್ತೇನಪ್ಪಾ" ಕೇಳಿಸಿಬಿಡುತ್ತಿತ್ತು. ಬೇರೆ ಯಾರೋ ಮರೆಯಲ್ಲಿ ನಿಂತು ಅವಳ ಮಾತನ್ನು ಆಡಿದ ಹಾಗೆ.

ಇಂಥ ಫೈಲು ನೋಡಿ, "ಡಿಸ್ಕ್ ಹಾಳಾಗಿದೆ" ಎಂದು ಎಸೆದವರನ್ನು ನಾನು ಬಲ್ಲೆ. ದಯವಿಟ್ಟು ಎಸೆಯಬೇಡಿ. ಹೀಗಾದಾಗ ಹೆಚ್ಚಿನ ಸಲ ಸದ್ದು ಕೆಟ್ಟಿರುವುದಿಲ್ಲ, ಅದರ ವೇಳೆಯ ಲೆಕ್ಕ ತಪ್ಪಿರುತ್ತದೆ. ಲೆಕ್ಕ ಎಲ್ಲಿ ತಪ್ಪಿತು ಎಂದು ಗೊತ್ತಾದರೆ ತಿದ್ದುವುದು ಕಷ್ಟವಲ್ಲ.

ತಡವಾದರೆ ಸಹಿಸುತ್ತೇವೆ, ಮುಂಚೆ ಬಂದರೆ ಇಲ್ಲ

1996ರಿಂದ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತಿದೆ. ಆ ದಿನಗಳಲ್ಲಿ ಸುತ್ತಲಿನ ತಾರಸಿಗಳ ಮೇಲೆ ನಿಂತವರೆಲ್ಲ ಒಂದು ವಿಷಯ ಗಮನಿಸಿರುತ್ತಾರೆ. ಸದ್ದು ಬಂದ ದಿಕ್ಕಿಗೆ ಕತ್ತೆತ್ತಿದರೆ ಅಲ್ಲಿ ವಿಮಾನ ಇರುವುದಿಲ್ಲ, ಆಗಲೇ ಮುಂದೆ ಹೋಗಿರುತ್ತದೆ. ಬೆಳಕು ಕಣ್ಣಿಗೆ ತಕ್ಷಣ ತಲಪುತ್ತದೆ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ನಡೆಯುತ್ತದೆ, ಒಂದು ಕಿಲೋಮೀಟರ್ ದಾಟಲು ಅದಕ್ಕೆ ಹತ್ತಿರಹತ್ತಿರ ಮೂರು ಸೆಕೆಂಡು ಬೇಕು. ಮಿಂಚು ಮೊದಲು, ಗುಡುಗು ಆಮೇಲೆ. ಬಟ್ಟೆ ಒಗೆಯುವವರ ಕೈ ಮೊದಲು, ಕಲ್ಲಿನ ಸದ್ದು ಆಮೇಲೆ. ಹುಟ್ಟಿದಾಗಿನಿಂದ ನಮ್ಮ ಮಿದುಳು ಈ ಕ್ರಮಕ್ಕೆ ಒಗ್ಗಿದೆ. ಗುಡುಗು ಮೊದಲು ಬಂದು ಮಿಂಚು ಆಮೇಲೆ ಬಂದದ್ದನ್ನು ಯಾರೂ ಕಂಡಿಲ್ಲ.

ಆದ್ದರಿಂದಲೇ ಟಿವಿಯಲ್ಲಿ ಮಾತು ತುಸು ತಡವಾದರೆ ನಾವು ಗಮನಿಸುವುದೇ ಇಲ್ಲ. ಮುಂಚೆ ಬಂದರೆ ಮಾತ್ರ ಕಸಿವಿಸಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಪ್ರಸಾರಕರಿಗೆ ಕೊಟ್ಟ ಶಿಫಾರಸಿನಲ್ಲಿ ಇದರ ಅಳತೆಯೇ ಇದೆ. ಸದ್ದು 125 ಮಿಲಿಸೆಕೆಂಡು ಹಿಂದೆ ಬಿದ್ದಾಗ ನೋಡುಗರಿಗೆ ತಿಳಿಯತೊಡಗುತ್ತದೆ, ಮುಂದೆ ಓಡಿದರೆ 45 ಮಿಲಿಸೆಕೆಂಡಿಗೇ ತಿಳಿಯುತ್ತದೆ. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 45 ಪಾಲು. ಅಜ್ಜಿಯ ಮಾತು ನನ್ನನ್ನು ಅಷ್ಟು ಕಾಡಿದ್ದಕ್ಕೆ ಇದೂ ಒಂದು ಕಾರಣ.

ಮೂಟೆ ಮತ್ತು ಚೀಟಿ

ಡಿವಿಡಿಯಲ್ಲಿ ಚಿತ್ರ, ಸದ್ದು ಒಂದೇ ಆಗಿ ಬೆರೆತಿರುವುದಿಲ್ಲ. ಎರಡೂ ಬೇರೆ ಬೇರೆ ಮೂಟೆಗಳಾಗಿ, ಒಂದರ ಹಿಂದೆ ಒಂದು, ಒಂದೇ ಸಾಲಿನಲ್ಲಿ ಇರುತ್ತವೆ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಒಂದೇ ಲಾರಿಯಿಂದ ಈರುಳ್ಳಿ, ಆಲೂಗಡ್ಡೆ ಎರಡನ್ನೂ ಇಳಿಸುವುದನ್ನು ನೆನೆಸಿಕೊಳ್ಳಿ. ಯಾವ ಮೂಟೆ ಎಲ್ಲಿಗೆ ಎಂದು ಹೇಳುವುದು ಅದಕ್ಕೆ ಅಂಟಿಸಿದ ಚೀಟಿ. ಡಿವಿಡಿಯ ಮೂಟೆಗಳಿಗೂ ಚೀಟಿಗಳಿವೆ. "ಇದನ್ನು ಇಂಥ ಗಳಿಗೆಯಲ್ಲಿ ತೋರಿಸು", "ಇದನ್ನು ಇಂಥ ಗಳಿಗೆಯಲ್ಲಿ ಕೇಳಿಸು" ಎಂದು ಅದರಲ್ಲಿ ಬರೆದಿರುತ್ತದೆ. ಆ ಗಳಿಗೆ ಎಣಿಸುವ ಗಡಿಯಾರ ಸೆಕೆಂಡಿಗೆ 90,000 ಸಲ ಟಿಕ್ ಅನ್ನುತ್ತದೆ.

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಅದಕ್ಕೆ ಹೊಂದುವಂತೆ ನಮ್ಮ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಅಂದರೆ 3,600 ಟಿಕ್‌ಗೆ ಒಂದು. ಡಿವಿಡಿಯಲ್ಲಿ ಸದ್ದಿಗೆ ಹೆಚ್ಚಾಗಿ ಬಳಸುವುದು ಎಸಿ-3 ಎಂಬ ಡಾಲ್ಬಿ ಪದ್ಧತಿ. ಅದರ ಒಂದು ತುಣುಕಿನಲ್ಲಿ 1,536 ಮಾದರಿಗಳಿದ್ದು, ಸೆಕೆಂಡಿಗೆ 48,000 ಮಾದರಿಯಂತೆ ಆ ತುಣುಕು 32 ಮಿಲಿಸೆಕೆಂಡು ಬಾಳುತ್ತದೆ. ಚಿತ್ರ ಬಾಳುವುದು 40 ಮಿಲಿಸೆಕೆಂಡು. ಎರಡರ ಹೆಜ್ಜೆಯೂ ಒಂದೇ ಅಲ್ಲ. ನಾಲ್ಕು ಚಿತ್ರ, ಐದು ಸದ್ದಿನ ತುಣುಕು ಕಳೆದ ಮೇಲಷ್ಟೇ ಎರಡೂ ಒಟ್ಟಿಗೆ ಕಾಲಿಡುತ್ತವೆ. ನಡುವಿನ ಹೊತ್ತಿನಲ್ಲಿ ಅವನ್ನು ಜೊತೆಯಲ್ಲಿ ಇಡುವುದು ಚೀಟಿ ಒಂದೇ.

ಫೈಲಾಗಿ ಬದಲಿಸುವಾಗ ಎಡವಟ್ಟಾಗುವುದು ಇಲ್ಲೇ. ಕೆಲವು ತಂತ್ರಾಂಶಗಳು ಮೂಟೆ ಬಿಚ್ಚಿ ಚೀಟಿ ಬಿಸಾಡುತ್ತವೆ. ಚಿತ್ರಗಳನ್ನೆಲ್ಲ ಒಂದು ಕಡೆ, ಸದ್ದನ್ನೆಲ್ಲ ಇನ್ನೊಂದು ಕಡೆ ಪೇರಿಸಿ, ಎರಡನ್ನೂ ಸೊನ್ನೆಯಿಂದ ಶುರು ಮಾಡುತ್ತವೆ. ಆಗ ಒಂದು ಸಣ್ಣ ತುಣುಕು ಕಾಣೆಯಾದರೂ ಅದರ ಹಿಂದಿನದೆಲ್ಲ ಒಂದು ಹೆಜ್ಜೆ ಮುಂದೆ ಸರಿಯುತ್ತದೆ.

ಮೂರು ಕಡೆ ನಾಡಿ ಹಿಡಿಯಿರಿ

ಮೊದಲು ಡಿಸ್ಕನ್ನೇ ಪ್ಲೇಯರಿನಲ್ಲಿ ಹಾಕಿ ನೋಡಿ. ಅಲ್ಲಿಯೂ ತಪ್ಪಿದ್ದರೆ, ಅದು ಚಿತ್ರೀಕರಿಸಿದ ಕ್ಯಾಸೆಟ್ಟಿನಿಂದ ಡಿಸ್ಕಿಗೆ ಇಳಿಸಿದ ಕಾಲದ ತಪ್ಪು. ಅಲ್ಲಿ ಸರಿಯಿದ್ದರೆ ತಪ್ಪು ಈಗ ಬದಲಿಸಿದ್ದರಲ್ಲಿ.

ಆಮೇಲೆ ಫೈಲಿನ ಆರಂಭ, ನಡುವೆ, ಕೊನೆ, ಈ ಮೂರು ಕಡೆ ವ್ಯತ್ಯಾಸ ಅಳೆಯಿರಿ. ಅಳೆಯಲು ಮಾತಿಗಿಂತ ಪೆಟ್ಟು ಒಳ್ಳೆಯದು. ಸಿನಿಮಾದವರು ಕ್ಲ್ಯಾಪ್ ಬೋರ್ಡ್ ಬಡಿಯುವುದು ಅದಕ್ಕೇ. ಮದುವೆ ವಿಡಿಯೊದಲ್ಲಿ ನಮಗೆ ಗಟ್ಟಿಮೇಳವೇ ಇದೆ. ತಾಳಿ ಕಟ್ಟುವಾಗ ಡೋಲಿನವನ ಕೋಲು ಚರ್ಮಕ್ಕೆ ತಾಗುವ ಚಿತ್ರಕ್ಕೂ ಅದರ ಸದ್ದಿಗೂ ಎಷ್ಟು ಅಂತರ ಎಂದು ನೋಡಿ. ವಿಎಲ್‌ಸಿ ಪ್ಲೇಯರಿನಲ್ಲಿ 'ಕೆ' ಕೀಲಿ ಒತ್ತಿದರೆ ಸದ್ದು 50 ಮಿಲಿಸೆಕೆಂಡು ಹಿಂದಕ್ಕೆ ಹೋಗುತ್ತದೆ, 'ಜೆ' ಒತ್ತಿದರೆ ಅಷ್ಟೇ ಮುಂದಕ್ಕೆ ಬರುತ್ತದೆ. ಎಷ್ಟು ಸಲ ಒತ್ತಿದಾಗ ಕೋಲಿಗೂ ಸದ್ದಿಗೂ ಕೂಡಿತೋ ಅಷ್ಟೇ ನಿಮ್ಮ ಅಳತೆ.

ಮೂರು ಕಡೆಯೂ ಅಂತರ ಒಂದೇ ಇದ್ದರೆ ಅದು ಸುಲಭದ ಕಾಯಿಲೆ. ಶುರುವಿನಲ್ಲೇ ಎರಡನ್ನೂ ತಪ್ಪಾಗಿ ಜೋಡಿಸಲಾಗಿದೆ. ಸಂಪಾದನೆಯ ಯಾವುದೇ ತಂತ್ರಾಂಶದಲ್ಲಿ ಸದ್ದಿನ ಪಟ್ಟಿಯನ್ನು ಅಷ್ಟು ಸರಿಸಿ ಉಳಿಸಿದರೆ ಮುಗಿಯಿತು. ಡಿಸ್ಕಿನಲ್ಲಿರುವ ವಿಒಬಿ ಫೈಲುಗಳನ್ನು ಒಂದೊಂದಾಗಿ ಬದಲಿಸಿದರೂ ಹೀಗಾಗಬಹುದು. ಆ ಫೈಲುಗಳನ್ನು ತುಂಡು ಮಾಡಿರುವುದು ಒಂದು ಜಿಬಿ ದಾಟಬಾರದೆಂದು, ದೃಶ್ಯ ಮುಗಿಯಿತೆಂದಲ್ಲ. ಇಡೀ ವಿಡಿಯೊವನ್ನು ಒಂದೇ ಆಗಿ ಓದಿಸಬೇಕು.

ಅಂತರ ಹೋಗ್ತಾ ಹೋಗ್ತಾ ಬೆಳೆದರೆ ಎರಡು ಗಡಿಯಾರಗಳ ಜಗಳ. ಯಶವಂತಪುರದ ಪಕ್ಕದ ಜಾಲಹಳ್ಳಿಯಲ್ಲಿ ತಯಾರಾದ ಎರಡು ಎಚ್ಎಂಟಿ ಕೈಗಡಿಯಾರಗಳಿಗೆ ಬೆಳಗ್ಗೆ ಒಟ್ಟಿಗೆ ಕೀಲಿ ಕೊಟ್ಟರೂ ಸಂಜೆಗೆ ಕೊಂಚ ವ್ಯತ್ಯಾಸ ಇದ್ದೇ ಇರುತ್ತದೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ ಚಿತ್ರದ ಕಾರ್ಡಿಗೆ ಒಂದು ಸ್ಫಟಿಕ ಗಡಿಯಾರ, ಸದ್ದಿನ ಕಾರ್ಡಿಗೆ ಇನ್ನೊಂದು. ಹತ್ತು ಲಕ್ಷಕ್ಕೆ ನೂರರಷ್ಟು ಹೆಚ್ಚುಕಡಿಮೆಯಾದರೂ ಗಂಟೆಗೆ 0.36 ಸೆಕೆಂಡು ಅಂತರ ಬೀಳುತ್ತದೆ. ಗಂಟೆಯ ಕೊನೆಗೆ ಎಷ್ಟು ಅಂತರ ಬಿತ್ತು ಎಂದು ಅಳೆದು, ಆಡಾಸಿಟಿಯಂಥ ತಂತ್ರಾಂಶದಲ್ಲಿ ಶ್ರುತಿ ಬದಲಾಗದಂತೆ ಸದ್ದನ್ನು ಅಷ್ಟೇ ಎಳೆಯಬೇಕು ಅಥವಾ ಕುಗ್ಗಿಸಬೇಕು.

44,100ರ ಕಥೆ

ಅಂತರ ನಿಮಿಷಕ್ಕೆ ಸುಮಾರು ಐದು ಸೆಕೆಂಡಿನಂತೆ ಬೆಳೆದು, ದನಿಯೂ ಕೀರಲಾದರೆ ಕಾರಣ ಬೇರೆ. ಹಳೆಯ ವಿಸಿಡಿಗಳಲ್ಲಿ ಸದ್ದಿನ ಮಾದರಿ ಸೆಕೆಂಡಿಗೆ 44,100, ಡಿವಿಡಿಯಲ್ಲಿ 48,000. 44,100ರದನ್ನು 48,000ರದೆಂದು ತಪ್ಪು ತಿಳಿದು ಓಡಿಸಿದರೆ ಒಂದು ಗಂಟೆಯ ಸದ್ದು 55 ನಿಮಿಷ ಚಿಲ್ಲರೆಗೆ ಮುಗಿಯುತ್ತದೆ, ದನಿ ಒಂದೂವರೆ ಸ್ವರಸ್ಥಾನದಷ್ಟು ಮೇಲೇರುತ್ತದೆ. ಮಾದರಿಗಳನ್ನು ಹೊಸದಾಗಿ ಲೆಕ್ಕ ಹಾಕಿ 48,000ಕ್ಕೆ ಬದಲಿಸುವುದು ಸರಿಯಾದ ದಾರಿ. ಬರೀ ಹೆಸರುಪಟ್ಟಿ ಬದಲಿಸಿದರೆ ಆಗದು.

44,100 ಎಂಬ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? 1982ರಲ್ಲಿ ಸಿಡಿ ಬರುವ ಮುಂಚೆ, ಅಷ್ಟೊಂದು ಅಂಕೆಗಳನ್ನು ದಾಖಲಿಸಬಲ್ಲ ಕೈಗೆಟುಕುವ ಯಂತ್ರ ಎಂದರೆ ವಿಡಿಯೊ ಕ್ಯಾಸೆಟ್ ರೆಕಾರ್ಡರ್. ಸದ್ದಿನ ಅಂಕೆಗಳನ್ನು ಚಿತ್ರದಂತೆ ಕಪ್ಪುಬಿಳುಪಿನ ಚುಕ್ಕೆಗಳಾಗಿ ಮಾಡಿ, ಗೆರೆಗೆ ಮೂರರಂತೆ ಟೇಪಿಗೆ ತುಂಬಿದರು. ನಮ್ಮ ಪದ್ಧತಿಯಲ್ಲಿ ಸೆಕೆಂಡಿಗೆ 50 ಸಲ, ಪ್ರತಿ ಸಲ 294 ಗೆರೆ. ಅಮೆರಿಕದ ಪದ್ಧತಿಯಲ್ಲಿ 60 ಸಲ, 245 ಗೆರೆ. ಗುಣಿಸಿ ನೋಡಿ, ಎರಡರಲ್ಲೂ 44,100 ಬರುತ್ತದೆ. ಹಾಡು ಕೇಳುವ ಸಿಡಿಯ ಲೆಕ್ಕ ಹುಟ್ಟಿದ್ದೇ ಚಿತ್ರ ನೋಡುವ ಟೇಪಿನಿಂದ.

ಸದ್ದೇ ಕೇಳದಿದ್ದರೆ

ಫೈಲಿನಲ್ಲಿ ಚಿತ್ರವಿದೆ, ಫೋನಿನಲ್ಲಿ ಸದ್ದಿಲ್ಲ ಎಂದಾದರೆ, ಅನೇಕ ಫೋನುಗಳಿಗೆ ಎಸಿ-3 ಓದಲು ಬರುವುದಿಲ್ಲ ಎಂಬುದು ಸಾಮಾನ್ಯ ಕಾರಣ. ಸದ್ದನ್ನು ಮಾತ್ರ ಎಎಸಿಗೆ ಬದಲಿಸಿದರೆ ಸಾಕು. ಸಿನಿಮಾ ಡಿವಿಡಿಗಳಲ್ಲಿ ಸಂಗೀತ ಜೋರಾಗಿ ಕೇಳಿ ಮಾತು ಕ್ಷೀಣವಾದರೆ, ಆರು ವಾಹಿನಿಗಳ ಸದ್ದನ್ನು ಎರಡಕ್ಕೆ ಇಳಿಸುವಾಗ ಮಾತಿರುವ ನಡುವಾಹಿನಿ ಸರಿಯಾಗಿ ಸೇರಿಲ್ಲ. ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳುವ ಮಾತು ಫೋನಿನ ಒಂಟಿ ಸ್ಪೀಕರಿನಲ್ಲಿ ಮಾಯವಾದರೆ, ಎಡಬಲದ ಅಲೆಗಳು ಒಂದಕ್ಕೊಂದು ತಲೆಕೆಳಗಾಗಿವೆ. ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಸೇರಿ ಎರಡೂ ಅಳಿಸಿಹೋಗುತ್ತವೆ. ಒಂದು ಬದಿಯನ್ನು ಮಗುಚಿದರೆ ಮಾತು ಮರಳಿ ಬರುತ್ತದೆ.

ಹದಿಮೂರು ತುಣುಕು

ನನ್ನ ಫೈಲಿನ ಕಾಯಿಲೆ ಇವು ಯಾವುದೂ ಆಗಿರಲಿಲ್ಲ. ಶುರುವಿನಿಂದ ಗಟ್ಟಿಮೇಳದ ತನಕ ಡೋಲಿನ ಕೋಲಿಗೂ ಸದ್ದಿಗೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಅಜ್ಜಿಯ ಸೋಬಾನೆಯ ಕೊನೆಯಲ್ಲಿ ಒಮ್ಮೆಲೇ ಜಿಗಿತ, ಅಲ್ಲಿಂದ ಮುಂದೆ ಸದ್ದು ಉದ್ದಕ್ಕೂ ಅಷ್ಟೇ ಮುಂಚೆ. 'ಕೆ' ಎಂಟು ಸಲ ಒತ್ತಬೇಕಾಯಿತು, ಸುಮಾರು 400 ಮಿಲಿಸೆಕೆಂಡು. ಹೀಗೆ ನಡುವೆ ಜಿಗಿದರೆ ಗುಮಾನಿ ಡಿಸ್ಕಿನ ಗೀರಿನ ಮೇಲೆ. ಬೆಳಕಿಗೆ ಹಿಡಿದು ನೋಡಿದಾಗ ಸಣ್ಣ ಕಮಾನಿನಂಥ ಗೀರು ಕಂಡಿತು. ಡ್ರೈವಿಗೆ ಓದಲಾಗದ ಕಡೆ 32 ಮಿಲಿಸೆಕೆಂಡಿನ 13 ತುಣುಕುಗಳು ಬಿದ್ದುಹೋಗಿದ್ದವು. ತಂತ್ರಾಂಶ ಆ ತೆರವನ್ನು ಬಿಡದೆ ಮುಂದಿನದನ್ನು ಎಳೆದು ಜೋಡಿಸಿತ್ತು.

ಡಿವಿಡಿಯ ದತ್ತಾಂಶ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸುತ್ತಿರುತ್ತದೆ, ಎರಡು ಸುತ್ತುಗಳ ನಡುವೆ 0.74 ಮೈಕ್ರೋಮೀಟರ್ ಅಂತರ. ಸುರುಳಿಯನ್ನು ಅಡ್ಡಕ್ಕೆ ಕಡಿಯುವ ಗೀರು ಪ್ರತಿ ಸುತ್ತಿನಲ್ಲೂ ಸ್ವಲ್ಪವಷ್ಟೇ ಕೆಡಿಸುತ್ತದೆ, ಡಿಸ್ಕಿನಲ್ಲೇ ಇರುವ ತಪ್ಪು ತಿದ್ದುವ ಅಂಕೆಗಳು ಅದನ್ನು ತುಂಬಿಕೊಡುತ್ತವೆ. ಸುರುಳಿಯ ಜೊತೆಗೇ ಸಾಗುವ ಗೀರು ಒಂದೇ ಕಡೆಯ ಬಹಳಷ್ಟನ್ನು ಕಿತ್ತುಕೊಳ್ಳುತ್ತದೆ. ಹಾಗಾಗಿ ಡಿಸ್ಕನ್ನು ಒರೆಸುವಾಗ ವೃತ್ತಾಕಾರದಲ್ಲಿ ಉಜ್ಜಬಾರದು. ಮೆತ್ತನೆಯ ಹತ್ತಿಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದೂ ಉಂಟು, ಪ್ರತಿಯೊಂದರ ಲೇಸರ್ ಕಣ್ಣು ಒಂದೇ ಹದದಲ್ಲಿರುವುದಿಲ್ಲ.

ಒರೆಸಿ, ಸ್ನೇಹಿತರ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಹಾಕಿದೆ. ಈ ಸಲ ಎಂಪಿ4ಕ್ಕೆ ನೇರ ಬದಲಿಸಲಿಲ್ಲ. ಮೊದಲು ಇಡೀ ಡಿಸ್ಕಿನ ಪಡಿಯಚ್ಚನ್ನು ಐಎಸ್‌ಒ ಫೈಲಾಗಿ ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡೆ. ನಿಮಗೂ ಹೇಳುವುದು ಇದನ್ನೇ. ಬರೆಯಬಲ್ಲ ಡಿವಿಡಿಗಳಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ, ಬಿಸಿಲು ತೇವಗಳಿಗೆ ಅದು ವರ್ಷದಿಂದ ವರ್ಷಕ್ಕೆ ಮಂಕಾಗುತ್ತದೆ. ಎಂಪಿ4 ತಪ್ಪಿದರೆ ನಾಳೆ ತಿದ್ದಬಹುದು, ಪಡಿಯಚ್ಚು ಇದ್ದರೆ. ಸ್ಟುಡಿಯೊಗೆ ಕೊಟ್ಟು ಮಾಡಿಸುವುದಾದರೂ ಐಎಸ್‌ಒ ಪ್ರತಿಯನ್ನು ಕೇಳಿ ಪಡೆಯಿರಿ, ಎರಡು ಕಡೆ ಇಡಿ.

ಹೊಸ ಫೈಲನ್ನು ಅಮ್ಮ, ಅಕ್ಕನ ಜೊತೆ ಕೂತು ನೋಡಿದೆ. ಅಜ್ಜಿ ತಿರುಗಿದಳು, ತುಟಿ ತೆರೆಯಿತು, "ಊಟ ಆಯ್ತೇನಪ್ಪಾ?" ಅಂತು. ಆದರೆ ಅಮ್ಮ ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ಕೇಳಿದ್ದು ಅದಕ್ಕೂ ತುಸು ಮುಂಚಿನದನ್ನು. ಮೊದಲ ಫೈಲಿನಲ್ಲಿ ಬಿದ್ದುಹೋಗಿದ್ದ ಆ 13 ತುಣುಕುಗಳಲ್ಲಿ ಇದ್ದದ್ದು, ಸೋಬಾನೆಯ ಕೊನೆಯ ಸೊಲ್ಲು ಮುಗಿಸಿ ಅಜ್ಜಿ ಎಳೆದುಕೊಂಡ ಒಂದು ಉಸಿರು.