ಗ್ರುನ್‌ಫೆಲ್ಡ್ ಡಿಫೆನ್ಸಿನ ಕಲ್ಕತ್ತಾ ಮೂಲ

1922ರ ವಿಯೆನ್ನಾ ಟೂರ್ನಿ. ಬಿಳಿ ಕಾಯಿಗಳಲ್ಲಿ ಆಡುತ್ತಿದ್ದವರು ಅಲೆಕ್ಸಾಂಡರ್ ಅಲೆಖಿನ್, ಐದು ವರ್ಷಗಳ ನಂತರ ವಿಶ್ವ ಚಾಂಪಿಯನ್ ಆದವರು. ಎದುರಿಗಿದ್ದ ಆಸ್ಟ್ರಿಯಾದ ಅರ್ನ್‌ಸ್ಟ್ ಗ್ರುನ್‌ಫೆಲ್ಡ್, ಚದುರಂಗದ ನಡುಮನೆಗಳಲ್ಲಿ ಅಲೆಖಿನ್ ಕಾಲಾಳುಗಳನ್ನು ಕಟ್ಟಿಕೊಳ್ಳಲು ಬಿಟ್ಟರು. ಆಮೇಲೆ ಮೂಲೆಯ ಬಿಷಪ್‌ನಿಂದ ಅದೇ ಕಾಲಾಳುಗಳಿಗೆ ಗುರಿಯಿಟ್ಟು ಆಟ ಗೆದ್ದರು. ಅದೇ ವರ್ಷ ಪಿಸ್ಟ್ಯಾನ್‌ನಲ್ಲಿ ಝೆಮಿಶ್ ವಿರುದ್ಧ ಅವರು ಮೊದಲು ಪ್ರಯೋಗಿಸಿದ್ದ ಈ ಆರಂಭಕ್ಕೆ ಅವರ ಹೆಸರೇ ನಿಂತಿತು.

ಆದರೆ ಇದೇ ನಡೆಗಳು 67 ವರ್ಷ ಮೊದಲೇ ಕಲ್ಕತ್ತದಲ್ಲಿ ಬಿದ್ದಿದ್ದವು. ಅಲ್ಲಿ ಸ್ಕಾಟ್ಲೆಂಡ್ ಮೂಲದ ಬ್ಯಾರಿಸ್ಟರ್ ಜಾನ್ ಕಾಕ್ರೇನ್‌ಗೆ ಸಾಟಿಯಾಗಿ ಆಡುತ್ತಿದ್ದವರು ಬಂಗಾಳದ ಹಳ್ಳಿಗಾಡಿನಿಂದ ಬಂದ ಮಹೇಶಚಂದ್ರ ಬ್ಯಾನರ್ಜಿ. 1855ರ ಒಂದು ಆಟದಲ್ಲಿ ಬ್ಯಾನರ್ಜಿ ರಾಜನ ಬದಿಯ ಕುದುರೆ ಹೊರಡಿಸಿ, ಜಿ ಸಾಲಿನ ಕಾಲಾಳನ್ನು ಒಂದೇ ಮನೆ ಸರಿಸಿ, ಮೂರನೇ ನಡೆಗೆ ಡಿ5 ಆಡಿದರು. ನಾಲ್ಕನೇ ನಡೆಗೆ ಬಿಷಪ್ ಜಿ7ರಲ್ಲಿ ಕೂತಿತು. ಏಳಕ್ಕೆ ಕುದುರೆಗೆ ಕುದುರೆ. ಎಂಟಕ್ಕೆ ಸಿ5, ನಡುವಿನ ಕಾಲಾಳಿಗೆ ನೇರ ಏಟು. ಇಂದಿನ ಗ್ರ್ಯಾಂಡ್‌ಮಾಸ್ಟರ್‌ಗಳೂ ಇದೇ ಜಾಡು ಹಿಡಿಯುತ್ತಾರೆ.

ಇದು ಅವರಿಗೆ ಹೇಗೆ ಹೊಳೆಯಿತು? ಆಗಿನ ದೇಶೀ ಚದುರಂಗದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಹಾರುವ ಅವಕಾಶವಿರಲಿಲ್ಲ. ಒಂದೊಂದೇ ಮನೆ ಸರಿಯುವ ಆಟದಲ್ಲಿ ಕಾಯಿಗಳನ್ನು ಬದಿಯಲ್ಲಿ ಅಣಿ ಮಾಡಿ ದೂರದಿಂದ ಒತ್ತಡ ಹಾಕುವುದು ಸಹಜ ರೂಢಿ. ಅದನ್ನೇ ಬ್ಯಾನರ್ಜಿ ಯುರೋಪಿನ ನಿಯಮದ ಆಟಕ್ಕೂ ತಂದರು. ನಡುಮನೆಗಳನ್ನು ಕಾಲಾಳುಗಳಿಂದಲೇ ಹಿಡಿಯಬೇಕೆಂದು ಅಂದಿನ ಯುರೋಪ್ ನಂಬಿತ್ತು. ಇಂಥ ಆರಂಭಗಳಿಗೆ 'ಇಂಡಿಯನ್ ಡಿಫೆನ್ಸ್' ಎಂಬ ಹೆಸರು ಬಂದದ್ದೂ ಬ್ಯಾನರ್ಜಿಯವರ ಆಟಗಳಿಂದಲೇ.

ಆ ದಿನ ಗೆದ್ದವರು ಕಾಕ್ರೇನ್. ಕುದುರೆಯನ್ನು ಎಫ್7ಕ್ಕೆ ನುಗ್ಗಿಸಿ ರಾಜನನ್ನು ಕಟ್ಟಿಹಾಕಿದರು. ಸೋಲಿಗೆ ಕಾರಣ ಆರಂಭವಲ್ಲ, ನಡು ಆಟದ ತಪ್ಪು. ಆರಂಭದ ಗಟ್ಟಿತನವನ್ನು ಮುಂದಿನ ಶತಮಾನ ತೋರಿಸಿಕೊಟ್ಟಿತು. 1956ರಲ್ಲಿ 13ರ ಬಾಲಕ ಬಾಬಿ ಫಿಶರ್ ಡೊನಾಲ್ಡ್ ಬರ್ನ್ ವಿರುದ್ಧ ಗೆದ್ದ 'ಶತಮಾನದ ಆಟ' ಹರಿದದ್ದು ಇದೇ ಜಾಡಿನಲ್ಲಿ. 1986ರಲ್ಲಿ ಕಾರ್ಪೊವ್ ಎದುರು ವಿಶ್ವ ಕಿರೀಟ ಉಳಿಸಿಕೊಳ್ಳಲು ಹೊರಟ ಕಾಸ್ಪರೊವ್ ನಂಬಿದ ಅಸ್ತ್ರಗಳಲ್ಲಿ ಇದೂ ಒಂದು.

ಸಿದ್ಧಾಂತವಾಗಿ ಬೆಳೆಸಿ ಜಗತ್ತಿಗೆ ಒಪ್ಪಿಸಿದ ಶ್ರೇಯ ಗ್ರುನ್‌ಫೆಲ್ಡ್ ಅವರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಚೆಸ್ ತರಗತಿಗಳಲ್ಲಿ ಈ ಆರಂಭವನ್ನು ಕಲಿಸುವಾಗ ಮೊದಲು ತೋರಿಸಬೇಕಾದ್ದು 1855ರ ಆ ಆಟವನ್ನು. ಈ ನಡೆಗಳ ಹಿಂದೆ ತಮ್ಮದೇ ನೆಲದ ಆಟಗಾರನ ಯೋಚನೆಯಿದೆ ಎಂಬುದು ಮಕ್ಕಳಿಗೆ ತಿಳಿಯಲಿ.