ಮನೆಖರ್ಚಿಗೆ ಎಷ್ಟು ಉಪಖಾತೆ?

ಪ್ರಶ್ನೆ: ಲೆಕ್ಕ ಬರೆಯುವ ತಂತ್ರಾಂಶವಾದ ಗ್ನೂಕ್ಯಾಶ್‌ನಲ್ಲಿ ಮನೆಖರ್ಚನ್ನು ಎಷ್ಟು ಹಂತಗಳವರೆಗೆ ಒಡೆಯಬಹುದು?

ಉತ್ತರ: ಎಷ್ಟಾದರೂ ಒಡೆಯಬಹುದು, ಆದರೆ ‘ಖರ್ಚು’ ಎಂಬ ಬುಡದ ಕೆಳಗೆ ಎರಡು ಹಂತ ಸಾಕು. ಉಪಖಾತೆಗಳ ಮೊತ್ತ ತಾನಾಗಿಯೇ ಮೇಲಿನ ಖಾತೆಯಲ್ಲಿ ಕೂಡಿ ಬರುತ್ತದೆ. ‘ಅಡುಗೆಮನೆ’ಯ ಕೆಳಗೆ ದಿನಸಿ, ಹಾಲು, ತರಕಾರಿ, ಗ್ಯಾಸ್ ಇರಲಿ. ತರಕಾರಿಯನ್ನೂ ಸೊಪ್ಪು, ಗೆಡ್ಡೆ ಎಂದು ಸೀಳಿದರೆ ಸಂತೆಯಿಂದ ತಂದ ಪ್ರತಿ ಚೀಲವನ್ನೂ ಬಿಡಿಸಿ ಬರೆಯಬೇಕು. ಆ ಬೇಸರಕ್ಕೆ ಬರೆಯುವ ಅಭ್ಯಾಸವೇ ತಪ್ಪಿಹೋಗುತ್ತದೆ. ಒಂದು ಖರ್ಚಿನ ಅಂಕಿ ನೋಡಿ ಮುಂದಿನ ತಿಂಗಳು ಏನಾದರೂ ಬದಲಿಸುವಿರಾದರೆ ಮಾತ್ರ ಅದಕ್ಕೆ ಬೇರೆ ಉಪಖಾತೆ ತೆರೆಯಿರಿ.

ಮೇಲಿನ ಖಾತೆಗೆ ‘ಪ್ಲೇಸ್‌ಹೋಲ್ಡರ್’ ಗುರುತು ಹಾಕುವುದನ್ನು ಮರೆಯಬೇಡಿ. ಆಗ ಅದರಲ್ಲಿ ನೇರವಾಗಿ ಖರ್ಚು ಬರೆಯಲಾಗದು. ಪ್ರತಿ ರೂಪಾಯಿಯೂ ಒಂದಲ್ಲ ಒಂದು ಉಪಖಾತೆಗೇ ಹೋಗಬೇಕು. ಶಾಲೆಯ ಫೀಸು, ವಿಮೆಯಂಥ ವರ್ಷದ ಖರ್ಚುಗಳಿಗೆ ಮಾತ್ರ ಬೇರೆಯೇ ಗುಂಪು ಮಾಡಿ. ಇಲ್ಲದಿದ್ದರೆ ಫೀಸು ಕಟ್ಟುವ ಜೂನ್ ತಿಂಗಳನ್ನು ಬೇರೆ ತಿಂಗಳುಗಳೊಂದಿಗೆ ಹೋಲಿಸಲಾಗದು.